ಭರಮಸಾಗರದಲ್ಲಿ ಟ್ಯಾಪೆಟ್

ರೋಹ್ತಾಂಗ್ ಹತ್ತಿಸಿ ಇಳಿಸಿದ ಗಾಡಿ
ಭರಮಸಾಗರ ದಾಟಿಸಲಿಲ್ಲ.
ಹದಿನೇಳು ದಿನ, ಐದೂವರೆ ಸಾವಿರ ಕಿಲೋಮೀಟರು,
ಚಳ್ಳಕೆರೆಗೆ ಇನ್ನು ಐವತ್ತೈದೇ ಅನ್ನುವಾಗ
ಬಲಮಗ್ಗುಲಲ್ಲಿ ಒಂದು ಟಕ್.
ಮತ್ತೊಂದು.
ಆಮೇಲೆ ಯಾರೋ ಒಳಗಿಂದ ಬಾಗಿಲು ಬಡಿದ ಹಾಗೆ
ಬಿಡುವಿಲ್ಲದೆ.

ಸರ್ವಿಸ್ ರಸ್ತೆಗೆ ಇಳಿಸಿದೆ.
ಕಿಕ್ ಹೊಡೆದರೆ ಹತ್ತುತ್ತಿತ್ತು, ಬಡಿಯುತ್ತಿತ್ತು, ಆರುತ್ತಿತ್ತು.
ನನಗೆ ಗೊತ್ತಿದ್ದ ವಿದ್ಯೆಯೆಲ್ಲ ಖರ್ಚು ಮಾಡಿದೆ:
ಪ್ಲಗ್ ಬಿಚ್ಚಿ, ಊದಿ, ಅಂಗಿಯಲ್ಲಿ ಒರೆಸಿ,
ಅಂಬಾಲದಲ್ಲಿ ಕೊಂಡ ಕೇಬಲ್ಲನ್ನು ಸುಮ್ಮನೆ ಹೊರಗೆ ತೆಗೆದು ನೋಡಿ,
ಕೊನೆಗೆ ಟ್ಯಾಂಕಿಗೊಂದು ಪೆಟ್ಟು.
ಈರುಳ್ಳಿ ವಾಸನೆ ಬಿಟ್ಟು ಲಾರಿಗಳು ಹೋದವು.
ದೂರದ ಗುಡ್ಡದಲ್ಲಿ ಮೂರು ಗಾಳಿಯಂತ್ರ ತಿರುಗುತ್ತಿದ್ದವು,
ಒಂದು ನಿಂತಿತ್ತು.
ಅದರ ಮೇಲೆ ನನಗೆ ಪ್ರೀತಿ ಬಂತು.

ತಳ್ಳಿದೆ. ಅಷ್ಟೂ ಕಬ್ಬಿಣ, ಎರಡು ಚೀಲ,
ಮಗಳಿಗೆಂದು ಕಟ್ಟಿಸಿದ ಕುಲ್ಲುವಿನ ಸೇಬು.

ಚಮನ್‌ಸಾಬರ ಅಂಗಡಿಗೆ ಹೆಸರಿಲ್ಲ,
ಬೇವಿನ ಮರಕ್ಕೆ ನೇತುಹಾಕಿದ ಟೈರೇ ಬೋರ್ಡು.
ಹೇಳುವುದನ್ನೆಲ್ಲ ಹೇಳಲು ಬಿಟ್ಟರು,
ಎಲ್ಲಿಂದ ಬಂದೆ, ಯಾವ ಗೇರಿನಲ್ಲಿ ಶುರುವಾಯಿತು,
ಆಮೇಲೆ ಮೊಮ್ಮಗಳ ಕಡೆ ತಿರುಗಿದರು.
ಅವಳು ಅವರ ಅಂಗೈ ಮೇಲೆ ಉಗುರಿನಿಂದ ಬಡಿದಳು:
ಟಕ್, ಟಕ್‌ಟಕ್, ಟಕ್.
ನನ್ನ ಇಡೀ ಭಾಷಣ ಅಷ್ಟೇ.

"ಕಿವಿ ಮಿಲ್ಲಿಗೆ ಕೊಟ್ಟೆ," ಅಂದರು, ಹೈವೇಗೆಲ್ಲ ಕೇಳುವಂತೆ.
ದಾವಣಗೆರೆ, ಮಗ್ಗದ ಖಾತೆ, ಹನ್ನೊಂದು ವರ್ಷ,
ನೂರಾರು ಮಗ್ಗ ಒಂದೇ ಸೂರಿನಡಿ.
"ಮಿಲ್ಲು ಮುಚ್ಚಿದ್ರು. ಕಿವಿ ವಾಪಸ್ ಕೊಡಲಿಲ್ರೀ."

ಉದ್ದದ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ ಊರಿ,
ಹಿಡಿಯನ್ನು ಮುಂಬಲ್ಲಲ್ಲಿ ಕಚ್ಚಿ
ಕಣ್ಣು ಮುಚ್ಚಿದರು.
ಹೆಡ್ಡು. ಅಲ್ಲ. ಗೇರ್‌ಪೆಟ್ಟಿಗೆ. ಅಲ್ಲ.
ಬ್ಯಾರೆಲ್ಲಿನ ಪಕ್ಕದ ಚಿಕ್ಕ ಮುಚ್ಚಳದ ಮೇಲೆ
ಕೈ ನಿಂತಿತು; ಹುಬ್ಬು ಏರಿತು,
ಸಂತೆಯಲ್ಲಿ ಹಳೆಯ ಸಾಲಗಾರ ಸಿಕ್ಕ ಹಾಗೆ.

"ನೀವೂ ಕಚ್ರಿ."
ಗ್ರೀಸು, ಸ್ವಲ್ಪ ಉಪ್ಪು.
ಕಚ್ಚಿದೆ.
ದವಡೆಯೊಳಗೆ, ತಲೆಬುರುಡೆಯೊಳಗೆ
ಒಂದು ಸಡಿಲ ನಟ್ಟು ತನ್ನ ಅಹವಾಲು ಹೇಳುತ್ತಿತ್ತು.
ಎಷ್ಟು ದಿನದಿಂದಲೋ. ನಾನು ಅದರ ಮೇಲೇ ಕೂತಿದ್ದೆ,
ಇಯರ್‌ಫೋನು ಸಿಕ್ಕಿಸಿಕೊಂಡು.

"ಟ್ಯಾಪೆಟ್ಟು. ಹತ್ತು ನಿಮಿಷದ ಕೆಲಸ.
ಆದ್ರ ಈಗ ಮುಟ್ಟಂಗಿಲ್ಲ, ತಣ್ಣಗಾಗಬೇಕು.
ಬಿಸೀಲಿ ಹಿಡಿದ ಅಳತಿ ಸುಳ್ಳು ಹೇಳ್ತತಿ."

ಒಂದೂವರೆ ಗಂಟೆ.
ಮಂಡಕ್ಕಿ ಬಂತು, ಮೆಣಸಿನಕಾಯಿ, ಅರ್ಧ ಲೋಟ ಚಹಾ.
ಮೊಮ್ಮಗಳು ಎರಡು ಸೇಬು ತಿಂದು ಬೀಜ ಎಣಿಸಿದಳು.
ನಾನು ಎಂಜಿನ್ನಿನ ಹತ್ತಿರ ಅಂಗೈ ಒಯ್ದು, ಹಿಂತೆಗೆದು,
ಮತ್ತೆ ಒಯ್ದು.
ಎಣ್ಣೆ ಮಿಲ್ಲಿನ ತಕ್ಕಡಿ ಮುಂದೆ
ಅಣ್ಣನಿಗೆ ಅಂದದ್ದು ನೆನಪಾಯಿತು.
ಶೇಂಗಾ ಹಿಂಡಿಯ ಬಿಸಿ ವಾಸನೆ, ಹಮಾಲರೆಲ್ಲ ಕೇಳುತ್ತಿದ್ದರು,
"ನಿನ್ನ ತೂಕ ನನಗೆ ಗೊತ್ತು" ಅಂದಿದ್ದೆ.
ಅವತ್ತು ರಾತ್ರಿಯೇ ಚೀಲ ಕಟ್ಟಿದ್ದು.
ಜನಕ್ಕೆ ಹೇಳಿದ್ದು ಹಿಮಾಲಯ.

ಚಮನ್‌ಸಾಬರು ಸಿಲಿಂಡರಿನ ಮೇಲೆ ಕೈಯಿಟ್ಟು
ಜ್ವರ ನೋಡಿದಂತೆ ನೋಡಿ, ಕೂತರು.
ಒಳಗಿನ ಕಡ್ಡಿ ಬೆರಳಿಗೆ ತಿರುಗಬೇಕು,
ಮೇಲೆ ಕೆಳಗೆ ಆಡಬಾರದು,
ಅಷ್ಟೇ ಸಂದು.
ತಿರುಗಿಸಿದರು. ತಿರುಗಿಸಲು ನನಗೂ ಕೊಟ್ಟರು.
ನೂರಿಪ್ಪತ್ತು ರೂಪಾಯಿ. ಮಂಡಕ್ಕಿ ಲೆಕ್ಕಕ್ಕಿಲ್ಲ.

ದುರ್ಗ ದಾಟಿ, ಚಳ್ಳಕೆರೆ ರಸ್ತೆಯಲ್ಲಿ, ಕತ್ತಲಾದ ಮೇಲೆ
ಸುಮ್ಮನೆ ನಿಲ್ಲಿಸಿದೆ, ಎಂಜಿನ್ ಆರಿಸದೆ.
ಸ್ಕ್ರೂಡ್ರೈವರ್ ಇರಲಿಲ್ಲ;
ಟ್ಯಾಂಕಿನ ಮೇಲೆ ಗದ್ದ ಊರಿ ಕೇಳಿದೆ.
ಹಾಲಿನ ಕ್ಯಾನಿನ ಟಿವಿಎಸ್ ಒಂದು ನಿಧಾನವಾಯಿತು:
"ಕೆಟ್ಟೈತೇನ್ರೀ?"
"ಇಲ್ಲ, ಮನೆಗೆ ಹೊರಟೀನಿ," ಅಂದೆ,
ಬೇಕಾದ್ದಕ್ಕಿಂತ ಜೋರಾಗಿ.