ಬೀಜದ ಕೋಣೆ

ಮಂಡ್ಯದ ಕೃಷಿ ಕಾಲೇಜು, ರಾತ್ರಿ ಒಂಬತ್ತೂವರೆ.
ಕೈಯಲ್ಲಿ ಕ್ಲ್ಯಾಂಪ್ ಮೀಟರು, ಕಂಕುಳಲ್ಲಿ ರಿಜಿಸ್ಟರು,
ಮುಂದೆ ಟಾರ್ಚು ಹಿಡಿದ ಪುಟ್ಟಮಾದಯ್ಯ.

ಹದಿನಾಲ್ಕನೇ ಕೊಠಡಿಯಲ್ಲಿ ನಾಲ್ಕು ಫ್ಯಾನು
ಖಾಲಿ ಬೆಂಚಿಗೆ ಗಾಳಿ ಬೀಸುತ್ತಿದ್ದವು.
"ದೆವ್ವಕ್ಕೂ ಸೆಕೆ ಆಯ್ತದೆ ಕನ್ರೀ ಮೇಡಂ"
ಅನ್ನುತ್ತ ಟಕ್ಕೆಂದು ಆರಿಸಿದರು.
ಮುನ್ನೂರು ವ್ಯಾಟ್ ಉಳಿತಾಯ, ಬರೆದುಕೊಂಡೆ.

ಡೀನರ ಕೋಣೆಯ ಏಸಿ
ಕುರ್ಚಿಗೆ ತೂಗಿದ ಕೋಟೊಂದನ್ನು ತಂಪಾಗಿಸುತ್ತಿತ್ತು.
ಅವರೇನೂ ಅನ್ನಲಿಲ್ಲ.
ನಾನು ಬರೆದೆ,
ಸಣ್ಣ ಅಕ್ಷರದಲ್ಲಿ.

ಸಕ್ಕರೆ ಕಾರ್ಖಾನೆಯ ಕಡೆಯಿಂದ ಕಾಕಂಬಿಯ ವಾಸನೆ.
ಕೊನೆಗೆ ಹಿತ್ತಲ ಬೀಜದ ಕೋಣೆ.
ಮೀಟರಿನ ಅಂಕಿ ಏರಿತು, ಏರುತ್ತಲೇ ಇತ್ತು.
ಇಡೀ ಕಟ್ಟಡ ಉಣ್ಣುವಷ್ಟನ್ನು
ಇದೊಂದೇ ಉಣ್ಣುತ್ತಿದೆ!
"ರಾತ್ರಿಯಾದರೂ ಆರಿಸಬಹುದಲ್ಲ?"

ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.
"ರಾಜಮುಡಿ ಮನೀಕಂಡದೆ. ರತ್ನಚೂಡಿ ಮನೀಕಂಡದೆ.
ನಮ್ಮವ್ವ ಬಿತ್ತಿದ್ ರಾಗಿ, ಈಗ ಊರಲ್ ಯಾರ್ತಾವೂ ಇಲ್ಲ,
ಒಂದ್ ಡಬ್ಬಿ ಒಳ್ಗದೆ.
ಎಬ್ಬಿಸ್ಬ್ಯಾಡಿ."

ರಿಜಿಸ್ಟರಿನಲ್ಲಿ ಎರಡೇ ಕಲಮು:
ಅಗತ್ಯ, ವ್ಯರ್ಥ.
ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು.
ಆಮೇಲೆ ಅಂಚಿನಲ್ಲಿ ಬರೆದೆ:
ಈ ಡಬ್ಬಿಗಳನ್ನು ತಣ್ಣಗಿಡಲು
ಚಾವಣಿಯ ಮೇಲೆ
ಎಷ್ಟು ಚದರಡಿ ಬಿಸಿಲು ಬೇಕು?

ಪುಟ್ಟಮಾದಯ್ಯ ಆಗಲೇ
ಮುಂದಿನ ಸ್ವಿಚ್ಚಿನ ಹತ್ತಿರ ಹೋಗಿದ್ದರು.