ಅಡುಗೆಮನೆಯ ಮೇಜಿನ ಮೇಲೆ ಬಿಟ್ಟ ಚೀಟಿ

ಹಾಲು ಇವತ್ತಿನದೇ. ಜೇನಿನ ಮುಚ್ಚಳ ಬಿಗಿಯಾಗಿ ಹಾಕಿಡಿ, ಇರುವೆ.
ನಾನು ಭಾನುವಾರ ರಾತ್ರಿಯವರೆಗೆ ತಂಗಿಯ ಮನೆಯಲ್ಲಿರುತ್ತೇನೆ.
ಫೋನಿನಲ್ಲಿ ಕೇಳಿದ್ದಿರಿ:
ಎರಡು ದಿನ, ಒಂದು ಕಾರು, ಯುದ್ಧದ ಹುಚ್ಚು ಹಿಡಿದ
ಒಂಬತ್ತು ವರ್ಷದ ಬೆಂಡೆಗೂಜ್,
ಯಾವ ಮ್ಯೂಸಿಯಂ ನೋಡಬೇಕು, ಯಾವುದು ಬಿಡಬೇಕು?

ಶನಿವಾರ ಬೆಳಿಗ್ಗೆ ಕೊಬಾರಿಡ್.
ಚರ್ಚಿನ ಎದುರು ಕಾರು ನಿಲ್ಲಿಸಬೇಡಿ,
ಪೊಲೀಸ್ ಮಿರ್ಕೊಗೆ ದಂಡ ಹಾಕುವುದು ಬಿಟ್ಟು ಬೇರೆ ಕಸುಬಿಲ್ಲ.
ಒಳಗೆ ಬೆಟ್ಟಸಾಲಿನದೊಂದು ದೊಡ್ಡ ಮಾದರಿ ಇದೆ,
ಶಿಖರ, ಕಣಿವೆ, ನಡುವೆ ನಮ್ಮ ಸೋಚಾ ಹೊಳೆ.
ಹದಿನೇಳು ವರ್ಷ ಅದರ ಧೂಳು ಹೊಡೆದವಳು ನಾನು.
ಸಾವಿರ ಸಾವಿರ ಗಂಡಸರು ವರ್ಷಗಟ್ಟಲೆ ಹತ್ತಲಾರದೆ ಸತ್ತ ಬೆಟ್ಟವನ್ನು
ಕುಂಚದ ಎರಡು ಬೀಸಿಗೆ ದಾಟಿಬಿಡುತ್ತಿದ್ದೆ,
ಆಮೇಲೆ ಕಾಫಿ.

ಕಪ್ಪು ಕೋಣೆಗೆ ಹುಡುಗನನ್ನು ಬಿಡಬೇಡಿ.
ಅಲ್ಲಿರುವುದು ಮುಖಗಳ ಫೋಟೊ,
ಮುಖ ಅನ್ನುವಷ್ಟು ಉಳಿದಿದ್ದರೆ.
ಬಿಡಬೇಡಿ ಅಂತ ಬರೆದೆನಲ್ಲ, ಅವನು ಹೋಗಿಯೇ ಹೋಗುತ್ತಾನೆ.
ಹೊರಗೆ ಬಂದವನನ್ನು ಏನೂ ಕೇಳಬೇಡಿ.
ಐಸ್‌ಕ್ರೀಂ ಕೊಡಿಸಿ.

ಮಧ್ಯಾಹ್ನ ಮೇಲಿನ ಹಳ್ಳಿಗೆ ಹತ್ತಿ, ಸ್ರೆಚ್ಕೊನ ದನದ ಕೊಟ್ಟಿಗೆಗೆ.
ಬೋರ್ಡು ಗೀರ್ಡು ಇಲ್ಲ, ನಾಯಿ ಬೊಗಳಿದ್ದೇ ಗುರುತು.
ಟಿಕೆಟೂ ಇಲ್ಲ, ಆದರೆ ಪ್ಲಮ್ ಸಾರಾಯಿ ಕುಡಿಸದೆ ಬಿಡುವವನಲ್ಲ;
ಕಾರು ಓಡಿಸುವವರು ಹೊಟ್ಟೆನೋವು ಅಂತ ಹೇಳಿ ಪಾರಾಗಿ.
ಅವನಪ್ಪ ಹೊಲ ಉಳುವಾಗ ಸಿಕ್ಕ ಕೋವಿ, ಬಯೊನೆಟ್ಟು, ಹೆಲ್ಮೆಟ್ಟು
ಎಲ್ಲ ಮಾರಿ ಟ್ರ್ಯಾಕ್ಟರ್ ಕೊಂಡ.
ಉಳಿಸಿಕೊಂಡದ್ದು ಚಮಚ ಮಾತ್ರ. ಮುನ್ನೂರ ಹನ್ನೊಂದು.
ಇದರಲ್ಲಿ ಇಟಲಿಯದು ಯಾವುದು, ನಮ್ಮ ಹಂಗರಿಯದು ಯಾವುದು
ಅಂತ ನೀವು ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ.
‘ಉಂಡ ಬಾಯಿಗಳನ್ನೇ ಕೇಳಿ’ ಅನ್ನುತ್ತಾನೆ ಅವನು.
ನೂರು ಸಲ ಆಡಿದ ಮಾತು,
ಈಗಲೂ ತಾನೇ ಮೊದಲು ನಗುತ್ತಾನೆ.
ಮೂಲೆಯಲ್ಲೊಂದರ ಬಲ ಅಂಚು ಸವೆದುಹೋಗಿದೆ, ಎಡಚನದು.
ನಿಮ್ಮ ಬೆಂಡೆಗೂಜ್ ಎಡಚನಾಗಿದ್ದರೆ
ಕೇಳಿ ನೋಡಿ, ಹಿಡಿಯಲು ಕೊಡುತ್ತಾನೆ.

ಭಾನುವಾರ ಟ್ಯಾಂಕು. ಪಿವ್ಕಾ ದೂರ, ಎರಡು ಗಂಟೆ ದಾರಿ,
ರೊಟ್ಟಿ ಕಟ್ಟಿಕೊಂಡು ಹೋಗಿ.
ಹಳೆಯ ಬ್ಯಾರಕ್ಕುಗಳೊಳಗೆ ಸಾಲುಸಾಲು ಟ್ಯಾಂಕು,
ಜೊತೆಗೊಂದು ಸಬ್‌ಮರೀನು, ಸಮುದ್ರವೇ ಇಲ್ಲದ ಊರಲ್ಲಿ,
ದಡಕ್ಕೆ ಬಿದ್ದ ಮೀನಿನ ಹಾಗೆ.
ನನ್ನ ಗಂಡ ವೆಂಚೆಸ್ಲಾವ್ ಅಂಥದೇ ಟ್ಯಾಂಕಿನೊಳಗೆ
ಹದಿನೈದು ತಿಂಗಳು ಮಂಡಿ ಮಡಚಿ ಕೂತವನು,
ಈಗ ಭೂಪಟದಲ್ಲಿಲ್ಲದ ದೇಶದ ಸೈನ್ಯದಲ್ಲಿ.
ಒಂದೇ ಒಂದು ಸಲ ಅಲ್ಲಿಗೆ ಹೋದೆವು.
ಹಗ್ಗದ ಆಚೆ ನಿಂತು ತುಂಬ ಹೊತ್ತು ನೋಡಿ
ಕಾವಲಿನ ಹುಡುಗಿಯನ್ನು ಕೇಳಿದ:
‘ಇದರ ಹೀಟರ್ ಕೆಲಸ ಮಾಡುತ್ತೇನಮ್ಮಾ?’
ಅವಳು ನಕ್ಕಳು. ನಾನೂ ನಕ್ಕೆ.
ವಾಪಸು ಬರುವಾಗ, ಅರ್ಧ ದಾರಿ ಕಳೆದಮೇಲೆ ಹೇಳಿದ,
‘ಕಾಲು ಒಂದು ದಿನ ಬೆಚ್ಚಗಾಗಲಿಲ್ಲ ಕಣೇ.’
ನಲವತ್ತು ವರ್ಷದ ಸಂಸಾರದಲ್ಲಿ
ಸೈನ್ಯದ ಬಗ್ಗೆ ಆಡಿದ್ದು ಅಷ್ಟೇ.

ಹಿತ್ತಲ ಬೇಲಿಗೆ ನಿಲ್ಲಿಸಿದ ತಿರುಚು ಕಂಬಿಗಳು ಆ ಕಾಲದವೇ.
ಬಟ್ಟೆ ಒಣಹಾಕಬಹುದು, ಬಿಳಿಯದು ಬೇಡ, ತುಕ್ಕು ಹತ್ತುತ್ತದೆ.
ಹಳ್ಳದ ಹತ್ತಿರ ಹುಡುಗನಿಗೆ ದುಂಡಗಿನದು, ಕಂದುಬಣ್ಣದ್ದು
ಏನಾದರೂ ಕಂಡರೆ
ಮುಟ್ಟಕೂಡದು, ಒದೆಯಕೂಡದು, ನೂರಹನ್ನೆರಡಕ್ಕೆ ಫೋನು ಮಾಡಿ.
ಹೋದ ಮಾರ್ಚಿಯಲ್ಲಿ ಕೋಳಿಗೂಡಿನ ಹಿಂದೆಯೇ ಒಂದು ಸಿಕ್ಕಿತು.
ಅವರು ಬರುವವರೆಗೆ ನಾಲ್ಕು ಗಂಟೆ
ಅಂಗಳದ ಈ ತುದಿಯಲ್ಲಿ ನಿಂತು ಕಾಳು ಚೆಲ್ಲುತ್ತಾ
ಬಾ ಬಾ ಬಾ ಅಂತ ಕೋಳಿಗಳನ್ನು ಕರೆಯುತ್ತಲೇ ಇದ್ದೆ.
ಒಂದು ಮಾತ್ರ ಬರಲಿಲ್ಲ, ಅದರ ಮೇಲೇ ಕೂತಿತ್ತು,
ಮೊಟ್ಟೆ ಅಂದುಕೊಂಡಿತೋ ಏನೋ.

ಬೀಗದಕೈ ಹೋಗುವಾಗ ಹೂಕುಂಡದ ಕೆಳಗಿಡಿ.
ನಲ್ಲಿಯಲ್ಲಿ ಬಿಸಿನೀರು ಬರಲು ಐದು ನಿಮಿಷ ಹಿಡಿಯುತ್ತದೆ.
ಬಿಟ್ಟುಕೊಂಡು ಕಾಯಿರಿ, ಬರುತ್ತದೆ.