ನಲವತ್ತು ಸೆಕೆಂಡು

ಟ್ಯಾಬ್ ತೆರೆದರೆ ಮೊದಲು ನನ್ನ ಹೆಸರು:
ರುಕ್ಮಿಬಾಯಿ ಟಿ., ಶುಶ್ರೂಷಾಧಿಕಾರಿ, ಮನೋರೋಗ ವಿಭಾಗ.
ಹಾಗೆ ಯಾರೂ ಕರೆಯುವುದಿಲ್ಲ.
ಗಾಡಿಕೊಪ್ಪದ ಮೂರನೇ ತಿರುವಿನಲ್ಲಿ ನಾನು
ಮಾತ್ರೆ ಸಿಸ್ಟರ್, ಅಷ್ಟೆ.

ಆಮೇಲೆ ಐದು ಮುಖ ಬರುತ್ತವೆ, ಹಳದಿ, ದುಂಡಗೆ.
ಇಂದಿನ ಮನಸ್ಥಿತಿ ಒತ್ತಿ ತೋರಿಸಬೇಕು.
ಹಾಲೇಶಪ್ಪ ಕನ್ನಡಕ ಏರಿಸಿ, ಒಂದೊಂದನ್ನೇ ನೋಡಿ,
'ಮೀಸೆ ಇರೋರು ಯಾರೂ ಇಲ್ವಲ್ಲ ಇದ್ರಲ್ಲಿ' ಅಂದರು.
ನಡುವಿನದನ್ನು ನಾನೇ ಒತ್ತಿದೆ.
ಒತ್ತದಿದ್ದರೆ ಮುಂದಿನ ಪುಟ ಬರುವುದಿಲ್ಲ.

ಮುಂದಿನ ಪುಟ:
ಇಲ್ಲದ ದನಿಗಳು ಕೇಳಿಸುತ್ತವೆಯೇ? ಹೌದು. ಇಲ್ಲ.
'ಇಲ್ಲದ್ದು ಅಂತ ಇವರಿಗೆ ಯಾರು ಹೇಳಿದ್ದು?'

ಇಪ್ಪತ್ತೆರಡು ವರ್ಷ ಸಾಗರದ ಲೈನಿನಲ್ಲಿ ಕಂಡಕ್ಟರ್.
ಆಯನೂರು, ಕುಂಸಿ, ಚೋರಡಿ, ಆನಂದಪುರ
ಒಂದೇ ಉಸಿರಿಗೆ, ಈಗಲೂ, ಬಾಯಿ ಮುಕ್ಕಳಿಸುವಾಗ.
ರಾತ್ರಿ ಎರಡಕ್ಕೆ ಹಿಂದಿನ ಸೀಟಿನವರು ಏಳುತ್ತಾರಂತೆ.
ಮೂರು ರೂಪಾಯಿ ಚಿಲ್ಲರೆ ಕೊಡು, ಕಳ್ಳ.
ಟಿಕೆಟ್ಟಿನ ಹಿಂದೆ ಬರೆದುಕೊಟ್ಟಿದ್ದೀಯ, ಮರೆತೆಯಾ, ಕಳ್ಳ.
ಗಿರಿಜವ್ವ ಒಮ್ಮೆ ಎದ್ದು ಬಂದು ನೋಡಿದರೆ
ಗಂಡ ಬಾಗಿಲಲ್ಲಿ ನಿಂತು
ಕತ್ತಲೆಗೆ ನಾಣ್ಯ ಎಣಿಸಿ ಕೊಡುತ್ತಿದ್ದರಂತೆ.

ಅವರ ಮೊಬೈಲಿನಲ್ಲಿ ಕೆಂಪು ಗುಂಡಿ ತೋರಿಸಿದೆ.
ದನಿ ಬಂದಾಗ ಇದನ್ನು ಒತ್ತಿ, ನಲವತ್ತು ಸೆಕೆಂಡು ಸಾಕು.
ತಿರುಗಿ ಹಾಕಿ ಕೇಳಿ. ಅದರಲ್ಲಿದ್ದರೆ ಹೊರಗಿನದು.
ಇಲ್ಲದಿದ್ದರೆ
ಏನೆಂದು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ.
'ಮಿಷನ್ನು ಸುಳ್ಳು ಟಿಕೆಟ್ ಹರಿಯಲ್ಲ ಬಿಡಿ' ಅಂದರು.

ತನ್ನ ಕಿವಿಯ ಮೇಲೆ ನಂಬಿಕೆ ಸಾಲದೆ ನನಗೂ ಕಳಿಸತೊಡಗಿದರು,
ವಾರಕ್ಕೆ ಹನ್ನೊಂದು, ಹದಿಮೂರು.
ಬೆಳಿಗ್ಗೆ ಸಿಟಿ ಬಸ್ಸಿನ ಕಂಬಿಗೆ ಜೋತು ಕೇಳುತ್ತೇನೆ:
ಫ್ಯಾನು. ಹಲ್ಲಿ. ಗಿರಿಜವ್ವ ಮಗ್ಗುಲು ಬದಲಿಸಿದ ಮಂಚ.
ಹೆದ್ದಾರಿಯಲ್ಲಿ ಯಾವುದೋ ಲಾರಿ ಗೇರು ಇಳಿಸುವುದು.
ಕೊನೆಗೆ, ಮೈಕಿಗೆ ತೀರ ಬಾಯಿ ತಾಗಿಸಿ,
'ಸಿಸ್ಟರ್, ಕೇಳಿಸ್ತಾ?'
ಇಲ್ಲ, ಎಂದು ಬರೆಯುತ್ತೇನೆ. ಎರಡು ನೀಲಿ ಗೆರೆ.

ಟ್ಯಾಬಿನಲ್ಲಿ ಇದಕ್ಕೆ ಕಾಲಂ ಇಲ್ಲ.
'ಇತರೆ' ಎಂಬಲ್ಲಿ ಐವತ್ತು ಅಕ್ಷರದ ಜಾಗ.
ರೋಗಿ ಮೌನ ಕಳಿಸುತ್ತಿದ್ದಾರೆ ಎಂದು ಬರೆದು,
ಅಳಿಸಿ,
ಸಹಕರಿಸುತ್ತಿದ್ದಾರೆ ಎಂದು ಹಾಕಿದೆ.

ಸೀಗೆಹಟ್ಟಿಯಲ್ಲಿ ಒಬ್ಬ ಹುಡುಗಿಯಿದ್ದಳು.
ದಿನವೂ ತಾನೇ ಒತ್ತುತ್ತಿದ್ದಳು, ನಗುವ ಮುಖವನ್ನೇ.
ಪರದೆಯ ಮೇಲೆ ಅವಳ ಗೆರೆ ಹಸಿರು, ಮಟ್ಟಸ,
ನಮ್ಮ ಮೀಟಿಂಗಿನಲ್ಲಿ ದೊಡ್ಡದು ಮಾಡಿ ತೋರಿಸಿದ ಗೆರೆ.
ಬುಧವಾರದವರೆಗೆ.

ಆಮೇಲಿನಿಂದ ನನಗೆ ಟಿಂಗ್ ಎನ್ನುತ್ತದೆ, ರಾತ್ರಿ.
ಎದ್ದು ನೋಡಿದರೆ ಪರದೆ ಖಾಲಿ.
ಸೈಲೆಂಟಿಗೆ ಹಾಕಿದರೂ ಟಿಂಗ್.
ಆಫ್ ಮಾಡಿ ಅಕ್ಕಿ ಡಬ್ಬದಲ್ಲಿ ಹೂತಿಟ್ಟರೂ.
ಯಾರಿಗೆ ಹೇಳುವುದು? ಟ್ಯಾಬಿನಲ್ಲಿ
ನನ್ನ ಹೆಸರು ಇರುವುದು ಮೇಲ್ಗಡೆ ಮಾತ್ರ,
ಪಟ್ಟಿಯ ಒಳಗಲ್ಲ.

ನಿನ್ನೆ ಎರಡೂ ಕಾಲಿಗೆ ಕೆಂಪು ಗುಂಡಿ ಒತ್ತಿದೆ.
ನಲವತ್ತು ಸೆಕೆಂಡು ಇಷ್ಟು ಉದ್ದವೆಂದು
ಇವರಿಗೆಲ್ಲ ಹೇಳುವಾಗ ಗೊತ್ತಿರಲಿಲ್ಲ.
ಹಾಕಿ ಕೇಳಲು ಧೈರ್ಯ ಸಾಲದೆ ತಡವರಿಸಿದ ಬೆರಳು
ಮೇಲಿದ್ದ ಹೆಸರಿಗೆ ಕಳಿಸಿಬಿಟ್ಟಿತು.
ಅಳಿಸುವಷ್ಟರಲ್ಲಿ ನೀಲಿ ಗೆರೆ.
ಆ ಹೊತ್ತಿನಲ್ಲೂ ಎಚ್ಚರವಿದ್ದರು.
ಬರೆಯುತ್ತಿದ್ದಾರೆ, ಎಂದು ತೋರಿಸಿತು. ನಿಂತಿತು. ಮತ್ತೆ ತೋರಿಸಿತು.

'ಎರಡು ಸಲ ಕೇಳ್ದೆ ಸಿಸ್ಟರ್. ನಿಮ್ಮ ಫ್ಯಾನಿಗೆ ಎಣ್ಣೆ ಬೇಕು.
ಬೇರೆ ಯಾರೂ ಹತ್ತಿಲ್ಲ.'

ಸ್ವಲ್ಪ ಬಿಟ್ಟು ಇನ್ನೊಂದು,
ಇದು ದನಿ, ಎರಡೇ ಸೆಕೆಂಡು:
'ರೈಟ್.'